ಕಂಬದ ಕೇಬಲ್ ಕತ್ತರಿಸಿದರೆ ಮನೆಯ ನೆಟ್‌ಗೆ ಹೊಣೆ ಯಾರು?

ವಿದ್ಯುತ್ ಕಂಬಕ್ಕೆ ಕಟ್ಟಿರುವ ಅನಧಿಕೃತ ಕೇಬಲ್ ತೆಗೆಯಿರಿ, ಇಲ್ಲದಿದ್ದರೆ ನಾವೇ ಕತ್ತರಿಸುತ್ತೇವೆ ಅಂತ ಒಂದು ಎಚ್ಚರಿಕೆ. ಅದರ ಹಿಂದೆಯೇ ಕೇಬಲ್ ಆಪರೇಟರುಗಳ ಆಕ್ಷೇಪ. ಆಮೇಲೆ ಒಂದಿಷ್ಟು ಕಾಲಾವಕಾಶ. ಮಂಗಳೂರು, ಉಡುಪಿಯ ಓದುಗರಿಗೆ ಈ ಸುದ್ದಿಯ ಜಾಡು ಗೊತ್ತಿರುವುದೇ.

ಗೊಂದಲ ಇರುವುದು ಬೇರೆ ಕಡೆ. ತಿಂಗಳ ದುಡ್ಡು ಹೋಗುವುದು ದೊಡ್ಡ ಕಂಪನಿಗೆ. ರಿಪೇರಿಗೆ ಬರುವುದು ಊರಿನ ಆಪರೇಟರ್ ಕಡೆಯ ಹುಡುಗ. ಕಂಬ ಇಲ್ಲಿನ ವಿದ್ಯುತ್ ಕಂಪನಿ ಮೆಸ್ಕಾಂನದ್ದು. ಕಂಬ ನಿಂತಿರುವ ರಸ್ತೆ ಪಾಲಿಕೆಯದ್ದೋ ಪಂಚಾಯತಿನದ್ದೋ ಹೆದ್ದಾರಿಯವರದ್ದೋ. ಹಾಗಿರುವಾಗ ಬೆಳಿಗ್ಗೆ ಎದ್ದು ನೋಡಿದರೆ ನೆಟ್ ಇಲ್ಲ ಅಂದ್ರೆ ಯಾರನ್ನು ಕೇಳುವುದು? ಕಸ್ಟಮರ್ ಕೇರ್‌ನವರು 'ನಿಮ್ಮ ಏರಿಯಾದಲ್ಲಿ ಸಮಸ್ಯೆ ಇದೆ' ಎನ್ನುತ್ತಾರೆ. ಆಪರೇಟರ್ 'ಮೆಸ್ಕಾಂನವರು ಕಟ್ ಮಾಡಿದ್ದಾರೆ' ಎನ್ನುತ್ತಾನೆ. ಮೆಸ್ಕಾಂ 'ಅದು ನಮ್ಮ ಕೇಬಲ್ ಅಲ್ಲ' ಎನ್ನುತ್ತದೆ. ಮೂವರು ಹೇಳುವುದೂ ನಿಜ. ಯಾಕೆ ಹೀಗಾಯ್ತು ಅಂತ ತಿಳಿಯಬೇಕಾದರೆ ಮನೆಯ ಗೋಡೆಯಲ್ಲಿರುವ ಬಿಳಿ ಪೆಟ್ಟಿಗೆಯಿಂದಲೇ ಶುರು ಮಾಡಬೇಕು.

ಕೆಂಪು ಲೈಟು ಹೇಳುವುದೇನು?

ಫೈಬರ್ ಸಂಪರ್ಕ ಇರುವ ಮನೆಯಲ್ಲಿ ಒಂದು ಒಎನ್‌ಟಿ ಪೆಟ್ಟಿಗೆ ಇರುತ್ತದೆ. ಎಲ್ಲರೂ ಅದನ್ನು ರೂಟರ್ ಅಂತಲೇ ಕರೆಯುತ್ತಾರೆ, ಪರವಾಗಿಲ್ಲ. ಹೊರಗಿನಿಂದ ಕೂದಲೆಳೆಯಂಥ ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಈ ಪೆಟ್ಟಿಗೆ ಅದನ್ನು ಡೇಟಾ ಮಾಡುತ್ತದೆ. ಮುಂಭಾಗದಲ್ಲಿ ಪಿಒಎನ್ ಎಂಬ ಹಸಿರು ಲೈಟು ನಿಂತು ಉರಿಯುತ್ತಿದ್ದರೆ ಬೆಳಕು ಸರಿಯಾಗಿ ಬರುತ್ತಿದೆ ಎಂದರ್ಥ. ಎಲ್‌ಒಎಸ್ ಎಂಬ ಕೆಂಪು ಲೈಟು ಮಿಣುಕುತ್ತಿದ್ದರೆ ಬೆಳಕೇ ತಲುಪುತ್ತಿಲ್ಲ. ಆಗ ರೂಟರ್ ಅನ್ನು ಹತ್ತು ಸಲ ಆಫ್ ಆನ್ ಮಾಡಿದರೂ ಸುಮ್ನೆ. ಎಳೆ ಎಲ್ಲೋ ತುಂಡಾಗಿದೆ ಅಥವಾ ಜೋರಾಗಿ ಮಡಚಿಕೊಂಡಿದೆ.

ಆ ಬೆಳಕು ಹೊರಡುವುದು ಆಪರೇಟರ್ ಕಚೇರಿಯಲ್ಲೋ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲೋ ಇರುವ ಒಎಲ್‌ಟಿ ಎಂಬ ಯಂತ್ರದಿಂದ. ಅಲ್ಲಿಂದ ಒಂದೇ ಎಳೆ ಬರುತ್ತದೆ, ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಸಾಧನ ಅದನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಕಂಬದಲ್ಲಿ ನೇತಾಡುವ ಕಪ್ಪು ಡಬ್ಬಿಗಳನ್ನು ನೋಡಿರುತ್ತೀರಿ. ಜಾಯಿಂಟ್, ಸ್ಪ್ಲಿಟರ್ ಎಲ್ಲ ಇರುವುದು ಅದರೊಳಗೆ. ಪ್ರತಿ ಹಂಚಿಕೆಯಲ್ಲೂ ಬೆಳಕು ಸೊರಗುತ್ತದೆ. ರಿಪೇರಿಗೆ ಬಂದವರು ಮೀಟರ್ ಹಚ್ಚಿ 'ಮೈನಸ್ ಇಪ್ಪತ್ತೆರಡು ಬರ್ತಿದೆ, ಸಾಕು' ಅಂತಾರಲ್ವಾ, ಅದು ಡಿಬಿಎಂ ಲೆಕ್ಕದಲ್ಲಿ ಈ ಬೆಳಕಿನ ಅಳತೆ. ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 27ರ ಆಸುಪಾಸಿನಲ್ಲಿ ಪೆಟ್ಟಿಗೆ ತಡವರಿಸತೊಡಗುತ್ತದೆ. ಆ ಹಂತದಲ್ಲಿ ತಲುಪುತ್ತಿರುವ ಬೆಳಕು ಒಂದು ವ್ಯಾಟ್‌ನ ಹತ್ತು ಲಕ್ಷದಲ್ಲಿ ಎರಡು ಭಾಗ ಮಾತ್ರ. ಜಾಯಿಂಟ್ ಡಬ್ಬಿಯೊಳಗೆ ಮಳೆನೀರು ಇಳಿದರೆ ಅಥವಾ ಕೇಬಲ್ ಮೇಲೆ ತೆಂಗಿನ ಮಡಲು ಬಿದ್ದು ಎಳೆ ಬಾಗಿದರೆ ಇಷ್ಟೂ ಹೋಗುತ್ತದೆ.

ಸಂಜೆ ಸ್ಪೀಡ್ ಇಳಿಯುವುದಕ್ಕೂ ಇಲ್ಲೇ ಒಂದು ಕಾರಣವಿದೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆಯ ಒಟ್ಟು ಡೌನ್‌ಲೋಡ್ ವೇಗ ಸುಮಾರು 2,488 ಎಂಬಿಪಿಎಸ್. ಅದನ್ನು 32 ಮನೆಗೆ ಸಮನಾಗಿ ಹಂಚಿದರೆ ತಲಾ 78 ಬರುತ್ತದೆ. ಎಲ್ಲರೂ ಕೊಂಡಿರುವುದು 100ರ ಪ್ಲಾನ್ ಅಂತ ಇಟ್ಟುಕೊಳ್ಳಿ. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಬಳಸುವುದಿಲ್ಲ ಎಂಬ ಲೆಕ್ಕದ ಮೇಲೆಯೇ ವ್ಯಾಪಾರ ನಿಂತಿದೆ. ಇದು ಮೋಸ ಅಲ್ಲ, ಬಸ್ಸಿನ ಸೀಟಿನ ಲೆಕ್ಕದ ಹಾಗೆ. ಆದರೆ ಒಂದೇ ಎಳೆಗೆ 64 ಮನೆ ಕಟ್ಟಿ, ಮೇಲಿನ ಕಂಪನಿಯಿಂದ ಕೊಳ್ಳುವ ಬ್ಯಾಂಡ್‌ವಿಡ್ತ್‌ನಲ್ಲೂ, ಅಂದರೆ ಡೇಟಾ ಸಾಗಿಸುವ ಸಾಮರ್ಥ್ಯದಲ್ಲೂ, ಕೈ ಬಿಗಿ ಮಾಡಿದರೆ ಸಂಜೆಯ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ಬಿಲ್ ಒಂದು, ಕೈ ನಾಲ್ಕು

ಕಂಬದಿಂದ ಮನೆಗೆ ಬರುವ ಡ್ರಾಪ್ ವೈರ್, ಬೀದಿಯ ಕೇಬಲ್, ಕಪ್ಪು ಡಬ್ಬಿ ಇವೆಲ್ಲ ಬಹಳ ಕಡೆ ಊರಿನ ಆಪರೇಟರ್ ದುಡ್ಡು ಹಾಕಿ ಎಳೆದದ್ದು. ಬಿಲ್‌ನಲ್ಲಿ ಹೆಸರಿರುವ ಕಂಪನಿ ಸರ್ಕಾರದ ಲೈಸೆನ್ಸ್ ಪಡೆದ ಇಂಟರ್ನೆಟ್ ಸೇವಾ ಸಂಸ್ಥೆ. ಯೂಸರ್‌ನೇಮ್, ಐಪಿ ವಿಳಾಸ, ಯಾವ ಗ್ರಾಹಕ ಯಾವಾಗ ಲಾಗಿನ್ ಆದ ಎಂಬ ದಾಖಲೆ, ಎಲ್ಲವೂ ಅವರ ಕಡೆ. ಆ ಕಂಪನಿ ಚಿಕ್ಕದಾಗಿದ್ದರೆ ಅದೂ ಇನ್ನೊಂದು ದೊಡ್ಡ ಕಂಪನಿಯಿಂದ ಸಗಟಿನಲ್ಲಿ ಬ್ಯಾಂಡ್‌ವಿಡ್ತ್ ಕೊಳ್ಳುತ್ತದೆ. ಅದರಾಚೆ ಸಮುದ್ರದಡಿಯ ಕೇಬಲ್‌ನವರು, ಯೂಟ್ಯೂಬ್ ತರಹದ ಸೇವೆಗಳ ಸರ್ವರ್‌ನವರು.

ಲೈಸೆನ್ಸ್‌ನಲ್ಲೂ ತರಗತಿಗಳಿವೆ. ಎ ವರ್ಗ ಅಂದ್ರೆ ಇಡೀ ದೇಶ, ಬಿ ಅಂದ್ರೆ ಒಂದು ಟೆಲಿಕಾಂ ಸರ್ಕಲ್ (ಹೆಚ್ಚುಕಡಿಮೆ ಒಂದು ರಾಜ್ಯ), ಸಿ ಅಂದ್ರೆ ಅದಕ್ಕಿಂತ ಚಿಕ್ಕ ವಲಯ, ಹೆಚ್ಚುಕಡಿಮೆ ಒಂದೆರಡು ಜಿಲ್ಲೆ. ಲೈಸೆನ್ಸ್ ಇಲ್ಲದ ಊರಿನ ಆಪರೇಟರ್ ಫ್ರಾಂಚೈಸಿಯಾಗಿ ಇವರ ಜತೆ ಸೇರಿ ಆದಾಯ ಹಂಚಿಕೊಳ್ಳುತ್ತಾನೆ. ಬಿಎಸ್‌ಎನ್‌ಎಲ್ ಕೂಡ ಫೈಬರ್ ವಿಸ್ತರಣೆಗೆ ಇಂಥ ಪಾಲುದಾರರನ್ನೇ ನೆಚ್ಚಿಕೊಂಡಿದೆ. ರೈಲು ಹಳಿಯ ಬದಿಯ ಫೈಬರ್ ಇಟ್ಟುಕೊಂಡಿರುವ ರೈಲ್‌ಟೆಲ್ ತನ್ನ ರೈಲ್‌ವೈರ್ ಸೇವೆಯನ್ನು ಮನೆಗೆ ಮುಟ್ಟಿಸುವುದೂ ಸ್ಥಳೀಯ ಆಪರೇಟರುಗಳ ಮೂಲಕವೇ.

ಈ ವ್ಯವಸ್ಥೆಯಿಂದ ಕರಾವಳಿಗೆ ಲಾಭ ಆಗಿದೆ, ಅದನ್ನು ಒಪ್ಪಬೇಕು. ಬೆಳ್ತಂಗಡಿ, ಕಾರ್ಕಳದ ಒಳಗಿನ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಗುಡ್ಡದಾಚೆ ಒಂದು, ತೋಟದ ನಡುವೆ ಒಂದು. ಮೂರು ಮನೆಗೋಸ್ಕರ ಒಂದು ಕಿಲೋಮೀಟರ್ ಕೇಬಲ್ ಎಳೆಯಲು ಮುಂಬೈಯಲ್ಲಿ ಕೂತ ಕಂಪನಿ ಮನಸ್ಸು ಮಾಡುವುದಿಲ್ಲ. ಊರಿನ ಆಪರೇಟರ್ ಮಾಡುತ್ತಾನೆ. ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡಾದರೂ ತಲುಪಿಸುತ್ತಾನೆ. ಹಾಗೆ ತಲುಪಿದ ಕೇಬಲ್‌ಗೆ ನಕ್ಷೆ ಇಲ್ಲ, ಅನುಮತಿ ಪತ್ರ ಇಲ್ಲ. ಅಗ್ಗವಾಗಿದ್ದೂ ಅದಕ್ಕೇ, ಈಗ ತಾಪತ್ರಯ ಆಗಿರುವುದೂ ಅದಕ್ಕೇ.

ತಂತಿ ಕಂಬ ಹತ್ತಿದ ಬಗೆ

ಲ್ಯಾಂಡ್‌ಲೈನ್ ಕಾಲದಲ್ಲಿ ಪೇಟೆಯ ಟೆಲಿಫೋನ್ ಕೇಬಲ್ ಬಹುಪಾಲು ನೆಲದಡಿಯೇ ಇತ್ತು. ಸರ್ಕಾರಿ ಇಲಾಖೆ ಗುಂಡಿ ತೋಡಿ ದಪ್ಪ ತಾಮ್ರದ ಕೇಬಲ್ ಹೂತಿತು, ರಸ್ತೆ ಬದಿಯ ಪಿಲ್ಲರ್ ಪೆಟ್ಟಿಗೆಯಿಂದ ಮನೆಮನೆಗೆ ಜೋಡಿ ತಂತಿ ಕೊಟ್ಟಿತು. ನಂತರ 1990ರ ದಶಕದಲ್ಲಿ ಕೇಬಲ್ ಟಿವಿ ಬಂತು. ಆ ಚಿಕ್ಕ ಉದ್ಯಮಿಗಳಿಗೆ ರಸ್ತೆ ಅಗೆಯುವ ಹಕ್ಕೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಕರೆಂಟ್ ಕಂಬ ಎಲ್ಲ ಮನೆಯ ಮುಂದೆಯೂ ಸಿದ್ಧ ನಿಂತಿತ್ತು. ಕೇಬಲ್ ಕಂಬ ಹತ್ತಿತು.

ಆಮೇಲೆ ಇಂಟರ್ನೆಟ್ ಬಂದಾಗಲೂ ಅದೇ ಆಪರೇಟರ್, ಅದೇ ಕಂಬ, ಅದೇ ಗ್ರಾಹಕ, ಬರೀ ತಂತಿ ಮಾತ್ರ ಬದಲಾಯಿತು. ಕೊರೊನಾ ಕಾಲದಲ್ಲಿ ಮನೆಯಿಂದ ಕೆಲಸ, ಮನೆಯಿಂದ ಪಾಠ ಶುರುವಾದ ಮೇಲಂತೂ ಒಂದೇ ಕಂಬದಲ್ಲಿ ಎಷ್ಟು ಕಂಪನಿಗಳ ಕೇಬಲ್ ಇದೆ ಎಂದು ಎಣಿಸುವುದೇ ಕಷ್ಟವಾಯಿತು. ಸಂಪರ್ಕ ಬಿಟ್ಟ ಗ್ರಾಹಕನ ಹಳೇ ವೈರನ್ನು ಯಾರೂ ಇಳಿಸುವುದಿಲ್ಲ, ಅದಕ್ಕೆ ಕೂಲಿ ಕೊಡುವವರಿಲ್ಲ. ಮುಂದೆ ಜಾಯಿಂಟ್ ಮಾಡಲು ಬೇಕಾಗುತ್ತದೆ ಅಂತ ಬಿಟ್ಟ ಕೇಬಲ್ ಸುರುಳಿಗಳು ಸೈಕಲ್ ಟಯರಿನ ಹಾಗೆ ನೇತಾಡುತ್ತಲೇ ಇರುತ್ತವೆ. ಕಂಬದಲ್ಲಿ ಈಗ ಕಾಣುವ ರಾಶಿಯಲ್ಲಿ ಸತ್ತ ಕೇಬಲ್ ಯಾವುದು, ಜೀವ ಇರುವುದು ಯಾವುದು ಅಂತ ಕೆಳಗೆ ನಿಂತು ಹೇಳಲು ಯಾರಿಂದಲೂ ಆಗದು. ಕತ್ತರಿ ಹಿಡಿದವರಿಗೂ.

ಮೆಸ್ಕಾಂ ವಾದ, ಆಪರೇಟರ್ ವಾದ

ಮೆಸ್ಕಾಂ ಎತ್ತುವುದು ಮೊದಲಿಗೆ ಜೀವದ ಪ್ರಶ್ನೆ. ಮಳೆಗಾಲದ ರಾತ್ರಿ ಲೈನ್ ಸರಿಮಾಡಲು ಕಂಬ ಹತ್ತುವ ಪವರ್‌ಮ್ಯಾನ್‌ಗೆ ಏಣಿ ಇಡಲೂ ಜಾಗ ಇರುವುದಿಲ್ಲ. ಫೈಬರ್ ಎಳೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂಬುದು ಸರಿ. ಆದರೆ ಗಾಳಿಯಲ್ಲಿ ಎಳೆಯುವ ಕೇಬಲ್‌ಗಳಲ್ಲಿ ಭಾರ ತಾಳಲು ಸಾಮಾನ್ಯವಾಗಿ ಉಕ್ಕಿನ ತಂತಿ ಇರುತ್ತದೆ. ಗಾಳಿಗೆ ಗೆಲ್ಲು ಮುರಿದು ಬಿದ್ದು ಆ ಉಕ್ಕು ಮೇಲಿನ ವಿದ್ಯುತ್ ತಂತಿಗೆ ತಾಗಿದರೆ ಕರೆಂಟ್ ಬೀದಿಯುದ್ದಕ್ಕೂ ಹೋಗಬಹುದು. ಇದು ಬರೀ ಹೆದರಿಕೆಯ ಮಾತಲ್ಲ.

ಹೈದರಾಬಾದಿನ ರಾಮಂತಾಪುರದಲ್ಲಿ 2025ರ ಆಗಸ್ಟ್‌ನಲ್ಲಿ ಕೃಷ್ಣಾಷ್ಟಮಿ ಮೆರವಣಿಗೆಯ ರಥಕ್ಕೆ ವಿದ್ಯುತ್ ಹರಿದು ಐವರು ಸತ್ತರು. ಅದಾದ ಮೇಲೆ ಅಲ್ಲಿನ ವಿದ್ಯುತ್ ಕಂಪನಿ ನಗರದಾದ್ಯಂತ ಕಂಬದ ಕೇಬಲ್ ಕತ್ತರಿಸಿತು, ಸಾವಿರಾರು ಮನೆಗಳಲ್ಲಿ ನೆಟ್ ಹೋಯಿತು, ಏರ್‌ಟೆಲ್ ಹೈಕೋರ್ಟಿಗೆ ಹೋಯಿತು. ಮಂಗಳೂರು ದಸರಾದ ಎತ್ತರದ ಟ್ಯಾಬ್ಲೋಗಳು, ಉಡುಪಿ ರಥಬೀದಿಯ ತೇರು ನೋಡಿದವರಿಗೆ ಈ ಸುದ್ದಿ ದೂರದ್ದು ಅನಿಸಲಿಕ್ಕಿಲ್ಲ. ಮೆಸ್ಕಾಂನ ಇನ್ನೊಂದು ಮಾತು ಬಾಡಿಗೆಯದ್ದು. ಕಂಬ ಬಳಸುವವರು ಅನುಮತಿ ಪಡೆದು ಶುಲ್ಕ ಕಟ್ಟಬೇಕು. ಎಷ್ಟು ಕಂಬಕ್ಕೆ ಅನುಮತಿ, ಎಷ್ಟರಲ್ಲಿ ಕೇಬಲ್ ಎಂಬುದೇ ಜಗಳ.

ಆಪರೇಟರುಗಳು ಹೇಳುವುದು ಹೀಗೆ: ನಾವು ಮೂವತ್ತು ವರ್ಷದಿಂದ ಇದೇ ಕಂಬದಲ್ಲಿದ್ದೇವೆ, ಆಗ ಯಾರೂ ತಡೆಯಲಿಲ್ಲ. ಈಗ ಒಮ್ಮೆಲೇ ಕತ್ತರಿಸಿದರೆ ಹೋಗುವುದು ಬರೀ ಮನೆಯ ಟಿವಿ ಅಲ್ಲ, ಆಸ್ಪತ್ರೆ, ಬ್ಯಾಂಕ್, ಸಿಸಿಟಿವಿ ಎಲ್ಲವೂ. ನೋಟಿಸ್ ಕೊಡಿ, ಕೇಬಲ್ ಯಾರದ್ದು ಎಂದು ಗುರುತು ಹಾಕಲು ಸಮಯ ಕೊಡಿ. ಅವರು ಮೆತ್ತಗೆ ಹೇಳುವ ಇನ್ನೊಂದು ಮಾತೂ ಇದೆ. ದೊಡ್ಡ ಕಂಪನಿಗಳಿಗೆ ಕಾನೂನು ವಿಭಾಗ ಇದೆ, ನಮಗಿಲ್ಲ.

ಅದು ಸುಳ್ಳಲ್ಲ. 2023ರ ಟೆಲಿಕಾಂ ಕಾಯ್ದೆಯಡಿ ಬಂದ ಹೊಸ ರೈಟ್ ಆಫ್ ವೇ (ಬೇರೆಯವರ ಜಾಗದಲ್ಲಿ ಕೇಬಲ್ ಹಾಯಿಸುವ ಹಕ್ಕಿನ) ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಕೇಬಲ್ ಹಾಕಲು ಎಲ್ಲಿ ಅರ್ಜಿ ಕೊಡಬೇಕು, ಸರ್ಕಾರಿ ಸಂಸ್ಥೆ ಎಷ್ಟರೊಳಗೆ ಉತ್ತರಿಸಬೇಕು ಎಂಬುದನ್ನೆಲ್ಲ ಅವು ಹೇಳುತ್ತವೆ. ಇದರ ಲಾಭ ಸಿಗುವುದು ಅರ್ಜಿ ಹಾಕಿ, ನಕ್ಷೆ ಕೊಟ್ಟು, ಬೆನ್ನು ಹತ್ತುವ ತಾಕತ್ತು ಇರುವವರಿಗೆ. ಲೈಸೆನ್ಸ್ ಇರುವುದು ಸೇವಾ ಸಂಸ್ಥೆಗೆ, ಕೇಬಲ್ ಇರುವುದು ಆಪರೇಟರ್ ಹೆಸರಲ್ಲಿ. ಹಾಗಾದರೆ ಅರ್ಜಿ ಹಾಕಬೇಕಾದ್ದು ಯಾರು? ಕಂಬದ ಜಗಳದ ಬೇರು ಇರುವುದು ಇಲ್ಲೇ. ಗ್ರಾಹಕನ ಹೆಸರು ತಮ್ಮ ಪಟ್ಟಿಯಲ್ಲಿ ಇರಬೇಕು, ತಂತಿಯ ತಲೆನೋವು ಮಾತ್ರ ಬೇರೆಯವರದ್ದಾಗಿರಬೇಕು ಎಂದು ದೊಡ್ಡ ಕಂಪನಿಗಳು ಇಷ್ಟು ವರ್ಷ ಆರಾಮಾಗಿ ಇದ್ದವು. ಈ ಗಲಾಟೆಯಲ್ಲಿ ಅತಿ ಕಡಿಮೆ ಮಾತಾಡುತ್ತಿರುವುದೂ ಅವೇ.

ನೆಲದಡಿ ಹಾಕಿದರೆ ಮುಗೀತಾ?

ಕೇಬಲ್ ಎಲ್ಲ ನೆಲದಡಿ ಹಾಕಿ ಅಂತ ಹೇಳುವುದು ಸುಲಭ. ನಮ್ಮ ನೆಲ ಮುರಕಲ್ಲಿನದ್ದು, ತೋಡಲು ಸಮಯವೂ ದುಡ್ಡೂ ಜಾಸ್ತಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಅಗೆತ ಹೆಚ್ಚುಕಡಿಮೆ ನಿಂತಂತೆ. ಉಳಿದ ತಿಂಗಳಲ್ಲಿ ಅದೇ ರಸ್ತೆಗೆ ಜಲಸಿರಿ ನೀರಿನ ಪೈಪ್, ಗ್ಯಾಸ್ ಪೈಪ್, ಒಳಚರಂಡಿ, ಹೆದ್ದಾರಿ ಅಗಲೀಕರಣ ಎಲ್ಲವೂ ಬರಬೇಕು. ಜೆಸಿಬಿಯ ಹಲ್ಲಿಗೆ ಫೈಬರ್ ಸಿಕ್ಕಿತು ಎಂಬುದು ಇಲ್ಲಿ ಸುದ್ದಿಯೇ ಅಲ್ಲ. ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿತು. ಆದರೆ ನಕ್ಷೆಯೇ ಇಲ್ಲದ ಕೇಬಲ್ ಬಗ್ಗೆ ಆ್ಯಪ್ ಆದರೂ ಏನು ಹೇಳೀತು?

ಕಂಬದ ಮೇಲೆ ತುಂಡಾದರೆ ಕಣ್ಣಿಗೆ ಕಾಣುತ್ತದೆ. ಏಣಿ ಹಾಕಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ಎರಡು ತುದಿ ಇಟ್ಟು ಕಿಡಿ ಹಾರಿಸಿ ಗಾಜನ್ನು ಬೆಸೆದರೆ ಕೆಲಸ ಆಯ್ತು. ನೆಲದಡಿ ತುಂಡಾದರೆ ಮೊದಲು ಎಲ್ಲಿ ಅಂತ ಹುಡುಕಬೇಕು, ಆಮೇಲೆ ಅಗೆಯಲು ಅನುಮತಿ. ಹಾಗಾಗಿ ಪಾಲಿಕೆಯೋ ಮೆಸ್ಕಾಂನೋ ಒಂದು ಸಾಮಾನ್ಯ ಪೈಪ್ ಹಾಕಿ, ಎಲ್ಲ ಕಂಪನಿಗಳಿಗೂ ಬಾಡಿಗೆಗೆ ಕೊಡುವ ದಾರಿಯೇ ಹೆಚ್ಚು ವ್ಯಾವಹಾರಿಕ. ಹಂಪನಕಟ್ಟೆ, ಮಣಿಪಾಲದಂಥ ಕಡೆ ಅದರ ಖರ್ಚು ಹುಟ್ಟಬಹುದು. ಬ್ರಹ್ಮಾವರದ ಒಳಗಿನ ಹಳ್ಳಿಗೆ ಕಂಬವೇ ಗತಿ, ಸದ್ಯಕ್ಕಂತೂ.

ಲೈಟು ಹಸಿರು, ಆದರೂ ನೆಟ್ ಇಲ್ಲ

ಎಲ್ಲ ತೊಂದರೆಗೂ ಕಂಬ ಕಾರಣ ಅಲ್ಲ. ಪಿಒಎನ್ ಲೈಟು ಹಸಿರಿದ್ದೂ ಪೇಜ್ ತೆರೆಯದಿದ್ದರೆ ತೊಂದರೆ ಮೇಲಿನ ಕೈಗಳಲ್ಲಿ. ಲಾಗಿನ್ ಸರ್ವರ್ ಕೈಕೊಟ್ಟಿರಬಹುದು. ವೆಬ್‌ಸೈಟ್ ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಮಲಗಿರಬಹುದು. ಅಥವಾ ಘಟ್ಟದ ದಾರಿಯಲ್ಲಿ ಫೈಬರ್ ಹೋಗಿರಬಹುದು.

ಮಂಗಳೂರಿನ ಮನೆಯೊಂದರ ಡೇಟಾ ಬಹಳ ಸಲ ಬೆಂಗಳೂರಿಗೆ ಹೋಗಿಯೇ ಮುಂದೆ ಹೋಗುತ್ತದೆ. ದೂರ ದೊಡ್ಡ ಸಮಸ್ಯೆ ಅಲ್ಲ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, 350 ಕಿಲೋಮೀಟರ್ ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ ಮೂರೂವರೆ ಭಾಗ ಸಾಕು. ಸಮಸ್ಯೆ ದಾರಿಯದ್ದು. ಫೈಬರ್ ಸಾಮಾನ್ಯವಾಗಿ ಹೆದ್ದಾರಿ, ರೈಲು ಹಳಿಯ ಬದಿಯಲ್ಲೇ ಹೋಗುತ್ತದೆ. ಶಿರಾಡಿ, ಚಾರ್ಮಾಡಿ, ಸಂಪಾಜೆ ಕಡೆ ಗುಡ್ಡ ಕುಸಿದರೆ ಬಸ್ಸಿನ ಜತೆ ಡೇಟಾವೂ ನಿಲ್ಲಬಹುದು. ದೊಡ್ಡ ಕಂಪನಿಗೆ ಕೊಂಕಣ ಕರಾವಳಿ ಕಡೆಯಿಂದಲೋ ಕೇರಳದ ಕಡೆಯಿಂದಲೋ ಇನ್ನೊಂದು ದಾರಿ ಇರುತ್ತದೆ. ಒಂದೇ ಸಗಟು ಲಿಂಕ್ ಕೊಂಡ ಚಿಕ್ಕ ಕಂಪನಿಗೆ ಇರುವುದಿಲ್ಲ. ಅಗ್ಗದ ಪ್ಲಾನ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದು, ಯಾರೂ ಕೇಳುವುದಿಲ್ಲ.

ಸಮುದ್ರ ಎದುರಿಗೇ ಇದ್ದರೂ ವಿದೇಶದ ಕೇಬಲ್ ಹತ್ತುವುದು ಇಲ್ಲಲ್ಲ. ದೇಶಕ್ಕೆ ಬರುವ ಅಂತರರಾಷ್ಟ್ರೀಯ ಸಮುದ್ರ ಕೇಬಲ್‌ಗಳು ದಡ ಸೇರುವುದು ಮುಂಬೈ, ಚೆನ್ನೈ, ಕೊಚ್ಚಿ, ತೂತುಕುಡಿ, ತಿರುವನಂತಪುರದ ಕಡೆ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್ ತುಂಡಾದಾಗ ಭಾರತದಲ್ಲೂ ವಿದೇಶಿ ತಾಣಗಳು ನಿಧಾನವಾದವು. ಅಂಥ ದಿನ ಊರಿನ ಆಪರೇಟರ್‌ಗೆ ಬೈದು ಪ್ರಯೋಜನ ಇಲ್ಲ.

ಗ್ರಾಹಕ ಹಿಡಿಯಬೇಕಾದ ಕೈ

ನಾಲ್ಕು ಕೈಗಳಲ್ಲಿ ಕಾನೂನಿನ ಪ್ರಕಾರ ಗ್ರಾಹಕನಿಗೆ ಉತ್ತರ ಕೊಡಬೇಕಾದ್ದು ಬಿಲ್‌ನಲ್ಲಿ ಹೆಸರಿರುವ ಸಂಸ್ಥೆ. ಆಪರೇಟರ್ ಅದರ ಏಜೆಂಟ್ ಅಷ್ಟೇ. ಆಪರೇಟರ್‌ಗೆ ವಾಟ್ಸ್ಆ್ಯಪ್ ಮಾಡಿದರೆ ಬೇಗ ರಿಪೇರಿ ಆಗುತ್ತದೆ ನಿಜ, ಆದರೆ ಅದು ದೂರು ಅಂತ ದಾಖಲಾಗುವುದಿಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಪಡೆದ ಕ್ಷಣದಿಂದಲೇ ಗಡಿಯಾರ ಓಡತೊಡಗುವುದು. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2024ರ ಗುಣಮಟ್ಟದ ನಿಯಮಗಳ ಪ್ರಕಾರ ಮೂರು ದಿನ ಕಳೆದರೂ ಸರಿಯಾಗದ ದೋಷಕ್ಕೆ ಗ್ರಾಹಕನ ತಿಂಗಳ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕು. ಡಾಕೆಟ್ ಇಲ್ಲದಿದ್ದರೆ ಮೂರು ದಿನ ಎಲ್ಲಿಂದ ಎಣಿಸುವುದು?

ಅಲ್ಲಿಗೆ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ ಇದೆ, 39 ದಿನದೊಳಗೆ ತೀರ್ಮಾನ ಹೇಳಬೇಕು. ಟ್ರಾಯ್‌ಗೆ ನೇರ ಪತ್ರ ಬರೆಯುವವರು ಬಹಳ ಮಂದಿ. ಅದು ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ, ಕಂಪನಿಗೇ ಕಳಿಸುತ್ತದೆ. ಟೆಲಿಕಾಂ ತಕರಾರುಗಳೊಂದಿಗೆ ಗ್ರಾಹಕ ಆಯೋಗಕ್ಕೂ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಮೆಸ್ಕಾಂ ಕತ್ತರಿಸಿದ್ದು ಎಂಬುದು ಕಂಪನಿ ಮತ್ತು ಮೆಸ್ಕಾಂ ನಡುವಿನ ವಿಷಯ, ಅದಕ್ಕೆ ಗ್ರಾಹಕ ಯಾಕೆ ತಲೆ ಕೊಡಬೇಕು?

ಮುಂದೆ ಆಗಬಹುದಾದದ್ದು

ಕಂಬದ ಶುಲ್ಕ ಕಟ್ಟುನಿಟ್ಟಾದರೆ ಖರ್ಚು ಮೊದಲು ಬೀಳುವುದು ಆಪರೇಟರ್ ಮೇಲೆ. ಪೇಟೆಯಲ್ಲಿ ಒಂದು ಕಂಬದಿಂದ ಇಪ್ಪತ್ತು ಮನೆಗೆ ಸಂಪರ್ಕ ಇರುವವನು ತಾಳಿಕೊಳ್ಳುತ್ತಾನೆ. ಹಳ್ಳಿಯಲ್ಲಿ ಎರಡು ಮನೆಗೆ ಹತ್ತು ಕಂಬ ದಾಟುವವನಿಗೆ ಲೆಕ್ಕ ಕೂಡುವುದಿಲ್ಲ. ಅವನು ದರ ಏರಿಸುತ್ತಾನೆ ಅಥವಾ ಸಂಪರ್ಕಗಳನ್ನು ದೊಡ್ಡವರಿಗೆ ಮಾರಿ ಸುಮ್ಮನಾಗುತ್ತಾನೆ. ಹಾಗಾಗಿ ಪೇಟೆಗೂ ಹಳ್ಳಿಗೂ ಒಂದೇ ಶುಲ್ಕ ಹಾಕುವುದು ತಪ್ಪಾಗುತ್ತದೆ.

ತಂತಿ ಹೋದ ಜಾಗಕ್ಕೆ ತಂತಿ ಇಲ್ಲದ ಸೇವೆ ಬರುತ್ತದೆ. ಜಿಯೋ, ಏರ್‌ಟೆಲ್ ಎರಡೂ 2023ರಲ್ಲೇ 5ಜಿ ಮೂಲಕ ಮನೆಗೆ ನೆಟ್ ಕೊಡುವ ಏರ್‌ಫೈಬರ್ ಶುರು ಮಾಡಿವೆ. ಅದಕ್ಕೆ ಕಂಬ ಬೇಡ. ಆದರೆ ಟವರ್ ಹತ್ತಿರ ಇರಬೇಕು, ನಡುವೆ ಗುಡ್ಡ ಇರಬಾರದು. ಮಣಿಪಾಲದ ಫ್ಲಾಟ್‌ಗೆ ಸರಿ, ಘಟ್ಟದ ಬುಡದ ತೋಟದ ಮನೆಗೆ ಹೇಳಲಾಗದು. ಹೇಗಿದ್ದರೂ ಪೈಪೋಟಿ ಎರಡು ಮೂರು ಹೆಸರುಗಳ ನಡುವೆ ಉಳಿಯುತ್ತದೆ, ಈಗಿರುವ ಅಗ್ಗದ ದರ ಆಮೇಲೂ ಇರುತ್ತದೆ ಎಂದು ನಂಬಲು ಕಾರಣ ಕಾಣುತ್ತಿಲ್ಲ.

ದೊಡ್ಡ ಯೋಜನೆಗೆ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಪ್ರತಿ ಕಂಬದಲ್ಲೂ ಪ್ರತಿ ಕೇಬಲ್‌ಗೆ ಬಿಲ್ ಮಾಡುವ ಕಂಪನಿಯ ಹೆಸರಿನ ಒಂದು ಪ್ಲಾಸ್ಟಿಕ್ ಟ್ಯಾಗ್ ಕಟ್ಟಿಸುವುದು, ಟ್ಯಾಗ್ ಇಲ್ಲದ್ದನ್ನು ಒಂದು ದಿನಾಂಕ ಹೇಳಿ ಇಳಿಸುವುದು. ಮಳೆಗಾಲಕ್ಕೆ ಮೊದಲು ಮೆಸ್ಕಾಂನವರು ಲೈನಿಗೆ ತಾಗುವ ಗೆಲ್ಲು ಕಡಿಯಲು ಹೇಗೂ ಬೀದಿಬೀದಿ ಸುತ್ತುತ್ತಾರೆ. ಆಪರೇಟರುಗಳೂ ಅದೇ ವಾರ ಏಣಿ ತಂದರೆ ಸತ್ತ ಕೇಬಲ್ ಆಗಲೇ ಕೆಳಗಿಳಿಯುತ್ತದೆ. ಏಣಿಯ ಜತೆಗೆ ಬರುವವರ ಕೂಲಿ ಯಾರು ಕೊಡಬೇಕು ಎಂಬುದೊಂದು ಬಾಕಿ.